ದೀಪ ಹಚ್ಚುವುದರೊಳಗೆ ಗುವಾಹಟಿ

ನಮ್ಮ ಮನೆಯಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವವಳು ನಾನೊಬ್ಬಳೇ. ಮೈಸೂರಿನಲ್ಲಿ ಭೂಗೋಳ ಓದಿದ್ದರ ಫಲ ಅದು. ಚಾಮರಾಜನಗರದಲ್ಲಿ ನೌಕರಿಯಲ್ಲಿರುವ ಅಪ್ಪ ಬಸ್ಸಿನಲ್ಲಿ ಅಳೆಯುತ್ತಾರೆ: ಒಂದು ಬಸ್ಸಿನ ಊರು, ಎರಡು ಬಸ್ಸಿನ ಊರು. ತೆರಕಣಾಂಬಿಯಲ್ಲಿ ಅರಿಸಿನ, ಬಾಳೆ ಬೆಳೆಯುವ ದೊಡ್ಡಪ್ಪ ಎಲೆಅಡಿಕೆಯಲ್ಲಿ ಅಳೆಯುತ್ತಾರೆ. ತೆರಕಣಾಂಬಿಯಿಂದ ಗುಂಡ್ಲುಪೇಟೆ ಒಂದು ಎಲೆಅಡಿಕೆ ದೂರ. ಅಂದರೆ ಬಸ್ಸು ಹತ್ತಿದಾಗ ಬಾಯಿಗೆ ಹಾಕಿಕೊಂಡದ್ದನ್ನು ಗುಂಡ್ಲುಪೇಟೆಯಲ್ಲಿ ಇಳಿದು ಉಗಿಯಬಹುದು. ಚಾಮರಾಜನಗರ ಒಂದೂವರೆ, ರಸ್ತೆ ಕೆಟ್ಟ ವರ್ಷ ಎರಡು. ಮೈಸೂರು ಐದು.

ಅಜ್ಜಿಯ ಅಳತೆ ಇವೆಲ್ಲಕ್ಕಿಂತ ಸರಳ. ಅವರಿಗೆ ಲೋಕದಲ್ಲಿ ಎರಡೇ ಬಗೆಯ ಊರುಗಳಿವೆ. ಕೋಳಿ ಕೂಗಿದಾಗ ಹೊರಟರೆ ದೀಪ ಹಚ್ಚುವುದರೊಳಗೆ ಸೇರಬಹುದಾದ ಊರುಗಳು, ಸೇರಲಾಗದ ಊರುಗಳು. ಹೆಣ್ಣು ಕೊಡುವುದಾದರೆ ಮೊದಲನೆಯ ಬಗೆಯ ಊರಿಗೆ ಮಾತ್ರ. ದೀಪ ಎಂದರೆ ಬಲ್ಬಲ್ಲ, ದೇವರ ಮುಂದಿನ ಎಣ್ಣೆಯ ದೀಪ. ಅದನ್ನು ಅಜ್ಜಿ ಹಚ್ಚುವವರೆಗೆ ತೆರಕಣಾಂಬಿಯ ಮನೆಯಲ್ಲಿ ಯಾರೂ ಸ್ವಿಚ್ಚು ಮುಟ್ಟುವಂತಿಲ್ಲ.

ಈ ಕಟ್ಟಳೆ ಪುರಾತನದ್ದೇನೂ ಅಲ್ಲ. ನಮ್ಮ ಸೋದರತ್ತೆಯನ್ನು ಬಂಡೀಪುರದ ಕಾಡು ದಾಟಿ ಗೂಡಲೂರಿಗೆ ಕೊಟ್ಟಿದ್ದಾರೆ. ಹಗಲಿನಲ್ಲಾದರೆ ಅದು ಹತ್ತಿರದ ಊರೇ. ಆದರೆ ಅಜ್ಜ ತೀರಿಕೊಂಡ ಸುದ್ದಿ ಅತ್ತೆಗೆ ಮುಟ್ಟುವ ಹೊತ್ತಿಗೆ, ರಾತ್ರಿ ವಾಹನ ಬಿಡದ ಕಾಡಿನ ಗೇಟು ಮುಚ್ಚಿತ್ತು. ಬೆಳಕು ಹರಿಯುವವರೆಗೆ ಅವರು ಗೇಟಿನ ಆಚೆ ಕಾರಿನಲ್ಲಿ ಕೂತಿದ್ದರು. ಬೆಳಿಗ್ಗೆ ಬಂದರು, ಅಜ್ಜನ ಮುಖ ನೋಡಿದರು, ಆಗಬೇಕಾದದ್ದೆಲ್ಲ ಆಯಿತು. ಆದರೆ ಮಗಳು ಅಲ್ಲಿ ಕೂತಿದ್ದುದನ್ನು ಅಜ್ಜಿ ಮರೆಯಲಿಲ್ಲ. ಕಟ್ಟಳೆ ಹುಟ್ಟಿದ್ದು ಆಗ.

ಅಕ್ಕನಿಗೆ ಬಂದ ಸಂಬಂಧ ಚಂದಕವಾಡಿಯದು. ಗೊತ್ತಿದ್ದ ಮನೆತನ, ಹೊಲ ತೋಟ ಇದ್ದವರು, ಜಗಳಗಂಟರಲ್ಲ. ಹುಡುಗನ ಕೆಲಸ ಮಾತ್ರ ಗುವಾಹಟಿಯ ಒಂದು ಬ್ಯಾಂಕಿನಲ್ಲಿ, ಇನ್ನೂ ಕೆಲವು ವರ್ಷ ಅಲ್ಲೇ. ‘ಸಂಬಂಧ ಬಂತು’ ಎಂದು ಬರೆದೆ. ಅದು ಬರುವುದಕ್ಕೆ ಮೊದಲೇ ಅಕ್ಕನಿಗೂ ಹುಡುಗನಿಗೂ ಪರಿಚಯವಿತ್ತು. ಅದು ಅಕ್ಕನ ವಿಷಯ, ಇಲ್ಲಿಗೆ ಬಿಡುತ್ತೇನೆ. ಬೇರೆ ಯಾರನ್ನೂ ಮದುವೆಯಾಗುವ ಮನಸ್ಸು ಅವಳಿಗೆ ಇರಲಿಲ್ಲ ಎಂಬುದು ತಿಳಿದರೆ ಸಾಕು. ಅಪ್ಪ, ಅಮ್ಮ ಒಪ್ಪಿದ್ದರು. ಅಜ್ಜಿಯ ಒಪ್ಪಿಗೆ ಇಲ್ಲದೆ ನಮ್ಮಲ್ಲಿ ವೀಳ್ಯ ಬದಲಾಯಿಸುವಂತಿಲ್ಲ.

ಒಂದು ಭಾನುವಾರ ತೆರಕಣಾಂಬಿಯ ಮನೆಯ ಜಗಲಿಯಲ್ಲಿ ಮಾತು ಶುರುವಾಯಿತು.

“ಚಂದಕವಾಡಿ ಆದ್ರೆ ಒಂದು ಒತ್ತಿನ ದಾರಿ,” ಎಂದರು ಅಜ್ಜಿ. “ಈ ಗವಾಟಿ ಎಲ್ಲದಮ್ಮಿ?”

“ಅಸ್ಸಾಮಲ್ಲಿ ಅಜ್ಜಿ,” ಎಂದೆ.

“ಅಂಗಂದ್ರೆ? ಕೊಳ್ಳೇಗಾಲದಿಂದ ಆಚ್ಗಾ ಈಚ್ಗಾ?”

“ಆಚೆಗೆ,” ಎಂದೆ. ತಪ್ಪು ಉತ್ತರವೇನಲ್ಲ.

ದೊಡ್ಡಪ್ಪ ಎಲೆಗೆ ಸುಣ್ಣ ಸವರುತ್ತಾ, “ರೈಲಲ್ಲಿ ಎಷ್ಟೊತ್ತಮ್ಮಿ?” ಎಂದು ಕೇಳಿದರು. ನಾನು ದಿನಗಳಲ್ಲಿ ಉತ್ತರ ಕೊಡಲು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿದ್ದ ಅಕ್ಕ ನನ್ನ ತೊಡೆ ಚಿವುಟಿದಳು. “ವಿಮಾನದಲ್ಲಿ ಮೂರು ಗಂಟೆ ದೊಡ್ಡಪ್ಪ. ಬೆಂಗಳೂರಲ್ಲಿ ಹತ್ತಿದರೆ ಮೂರೇ ಗಂಟೆ,” ಎಂದು ಅವಳೇ ಹೇಳಿಬಿಟ್ಟಳು.

ದೊಡ್ಡಪ್ಪನ ತುಟಿ ಅಲುಗುತ್ತಿತ್ತು. ಎಲೆಅಡಿಕೆಯ ಲೆಕ್ಕ ನಡೆದಿತ್ತು.

“ಆರು,” ಎಂದರು ಕೊನೆಗೆ. “ಮೈಸೂರ್ಗೆ ಐದು, ಗವಾಟಿಗೆ ಆರು. ಒಂದೇ ಎಲೆಅಡಿಕೆ ಎಚ್ಚು ಕಣವ್ವ.”

ಮಾತು ಕೇಳುತ್ತಾ ಕಂಬಕ್ಕೆ ಒರಗಿ ನಿಂತಿದ್ದ ಪಕ್ಕದ ಮನೆಯವರಿಗೆ ತಡೆಯಲಾಗಲಿಲ್ಲ. “ಇಲ್ಲಿಂದ ಬೆಂಗ್ಳೂರ್ಗೇ ಐದು ಗಂಟೆ ಆಯ್ತದೆ. ಅಂಗಾದ್ರೆ ಗವಾಟಿಗಿಂತ ಬೆಂಗ್ಳೂರೇ ದೂರ ಅಂತೀಯೇನ್ಲಾ?”

“ನಾನ್ ಅನ್ನಲ್ಲ ಕಣ್ಲಾ. ಗಡಿಯಾರ ಅಂತದೆ.”

“ಅಂಗಾದ್ರೆ ಬೆಂಗ್ಳೂರ್ಗೆ ಎಣ್ಣು ಕೊಡೋದ್ಕಿಂತ ಗವಾಟಿಗೆ ಕೊಡೋದೇ ವಾಸಿ ಅನ್ನು!”

“ಅದ್ನೇ ಏಳ್ತಿರೋದು.”

ನಡುವೆ ಎರಡು ಸಾವಿರಕ್ಕೂ ಹೆಚ್ಚು ಕಿಲೋಮೀಟರು ಇದೆ ಎಂದು ಹೇಳಬೇಕೆನಿಸಿತು. ಅಕ್ಕನ ಉಗುರು ಇನ್ನೂ ನನ್ನ ತೊಡೆಯ ಮೇಲೇ ಇತ್ತು.

ಅಜ್ಜಿ ಎಲ್ಲವನ್ನೂ ಕೇಳಿ ತೀರ್ಪು ಕೊಟ್ಟರು. “ಬಾಯ್ಮಾತು ಬ್ಯಾಡ. ಎಂಗೂ ಮನೆ ನೋಡಕ್ಕೆ ಓಗ್ಬೇಕಲ್ಲ, ಓಗ್ಬುಟ್ಟು ಬನ್ನಿ. ಇಲ್ಲಿ ಕೋಳಿ ಕೂಗ್ದಾಗ ಒರಡಿ. ದೀಪ ಅಚ್ಚೋದ್ರೊಳಗೆ ಸೇರುದ್ರೆ ಎಣ್ಣು ಕೊಡನ. ಇಲ್ದಿದ್ರೆ ಬುಡನ.”

ಗಂಡಿನ ಮನೆ ನೋಡುವ ಶಾಸ್ತ್ರಕ್ಕೆ ಹಿರಿಯರೊಬ್ಬರು ಹೋಗಬೇಕು. ದೊಡ್ಡಪ್ಪನೇ ಹೋಗಬೇಕೆಂಬುದರಲ್ಲಿ ಯಾರಿಗೂ ಎರಡು ಮಾತಿರಲಿಲ್ಲ, ಏಕೆಂದರೆ ದೊಡ್ಡಪ್ಪ ಸುಳ್ಳು ಹೇಳುವುದಿಲ್ಲ. ನೆಂಟರ ಮನೆಯ ಸಾರು ಚೆನ್ನಾಗಿಲ್ಲದಿದ್ದರೆ ಎಲೆಯ ಮುಂದೆ ಕೂತೇ ಹೇಳುತ್ತಾರೆ. ಇದರಿಂದ ನಮಗೆ ನೆಂಟರು ಸ್ವಲ್ಪ ಕಡಿಮೆ. ಅವರಿಗೆ ಹಿಂದಿ ಬಾರದ್ದರಿಂದಲೂ ಅಡುಗೆಮನೆ ನೋಡಲು ಹೆಣ್ಣಿನ ಕಣ್ಣೊಂದು ಇರಲಿ ಎಂದೂ ಜೊತೆಗೆ ನಾನು.

ಆ ಸಂಜೆ ಚಾಮರಾಜನಗರಕ್ಕೆ ಹಿಂತಿರುಗುವ ಬಸ್ಸಿನಲ್ಲಿ ಅಕ್ಕನಿಗೆ ಒಂದು ವಿಷಯ ತಿಳಿಸಿದೆ. ಡಿಸೆಂಬರಿನಲ್ಲಿ ಗುವಾಹಟಿಯಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ.

“ಸುಮ್ನಿರೇ. ನಾಲ್ಕೂವರೆಗೆ ಯಾರಾದ್ರೂ ಮುಳುಗ್ತಾರಾ?”

“ಅದು ನಮಗಿಂತ ತುಂಬ ಪೂರ್ವಕ್ಕಿದೆ. ದೇಶಕ್ಕೆಲ್ಲ ಒಂದೇ ಗಡಿಯಾರ ಇಟ್ಟುಕೊಂಡಿದ್ದೇವೆ. ಸೂರ್ಯನಿಗೆ ಅದು ಗೊತ್ತಿಲ್ಲ.”

ಅಕ್ಕ ನನ್ನನ್ನು ದಿಟ್ಟಿಸಿದಳು. “ನೀನು ಭೂಗೋಳ ಓದಿದ್ದು ನನ್ನ ಮದುವೆ ಕೆಡಿಸೋಕಾ? ಈ ವಿಷಯ ಅಜ್ಜಿ ಕಿವಿಗೆ ಬೀಳಬಾರದು. ಬೇಗ ಬೇಗ ಹೋಗಿ ತಲುಪಿ, ಅಷ್ಟೇ.” ಆಮೇಲೆ ಮೊಬೈಲು ಹಿಡಿದು ಬಸ್ಸಿನ ಕಿಟಕಿಯ ಕಡೆ ತಿರುಗಿದಳು. ಮನೆ ಗುಡಿಸಿರಬೇಕು, ಬೂಟು ಹೊರಗಿರಬೇಕು, ನಮ್ಮ ಕಡೆಯ ಹಿರಿಯರಿಗೆ ಏನೇನು ಕಂಡರೆ ಸಂತೋಷ ಎಂದೆಲ್ಲ ಆ ಕಡೆಗೆ ಪಾಠ ಹೇಳುತ್ತಿದ್ದುದು ನನಗೆ ಕೇಳಿಸಿತು. ಕೇಳಿಸದವಳ ಹಾಗೆ ಕೂತಿದ್ದೆ.

ಹೊರಡುವ ದಿನ ಕೋಳಿ ಸರಿಯಾಗಿ ಕೂಗಿತು. ಬಾಡಿಗೆ ಕಾರಿನ ಹಿಂದೆ ದೊಡ್ಡಪ್ಪ ಒಂದು ಗೋಣಿಚೀಲ ಅವರೆಕಾಯಿ ಹಾಕಿಸಿದರು. ಸೊಗಡಿನ ಕಾಲ, ಬರಿಗೈಲಿ ಹೋಗಬಾರದು. “ವಿಮಾನದಲ್ಲಿ ಚೀಲ ಬೇರೆಯಾಗಿ ಹಾಕಬೇಕು, ಇಳಿದ ಮೇಲೆ ಕಾಯಬೇಕಾಗುತ್ತದೆ ದೊಡ್ಡಪ್ಪ,” ಎಂದೆ. “ಕಾಯ್ದ್ರಾಯ್ತು. ಅವರೆಕಾಯಿ ಎಲ್ಲೋದದು?” ಎಂದರು. ಅಜ್ಜಿ ಬಾಗಿಲಲ್ಲಿ ನಿಂತು ಕತ್ತಲಲ್ಲೇ ಕೈ ಬೀಸಿದರು.

ವಿಮಾನ ನಿಲ್ದಾಣದಲ್ಲಿ ಅವರೆಕಾಯಿಗೆ ತೂಕ ಹಾಕಿ ಚೀಟಿ ಅಂಟಿಸಿದಾಗ ದೊಡ್ಡಪ್ಪ ಹೆಮ್ಮೆಯಿಂದ ನೋಡಿದರು. “ಮಂಡಿಯೋರಿಗಿಂತ ಸರ್ಯಾಗಿ ತೂಗ್ತಾರೆ,” ಎಂದರು. ವಿಮಾನ ಹತ್ತುವ ಮೊದಲು ಕೈಚೀಲದಿಂದ ಎಲೆ, ಅಡಿಕೆಚೂರು ತೆಗೆದು ಬಾಯಿಗೆ ಹಾಕಿಕೊಂಡರು. ಪ್ರಯಾಣ ಆರಂಭವಾಗುವುದೇ ಹಾಗೆ. ಕೂತು ಬೆಲ್ಟು ಕಟ್ಟಿದ ಮೇಲೆ ಕಿಟಕಿಯ ಗಾಜನ್ನು ಸರಿಸಲು ನೋಡಿದರು. ಸರಿಯಲಿಲ್ಲ. ನನ್ನ ಕಡೆ ತಿರುಗಿದರು. ನಾನು ಅಡ್ಡಡ್ಡ ತಲೆಯಾಡಿಸಿದೆ.

ಆಮೇಲೆ ಅವರು ಮಾತಾಡಲಿಲ್ಲ. ಆಡುವಂತಿರಲಿಲ್ಲ. ನೀರು ಬೇಕೇ ಎಂದು ಕೇಳಲು ಬಂದ ಹುಡುಗಿಗೆ ಕೈಮುಗಿದರು. ಮೋಡದ ಮೇಲೆ ಬಂದಾಗ ನನ್ನ ತೋಳು ತಟ್ಟಿ ಕೆಳಗೆ ತೋರಿಸಿದರು. ಹುಬ್ಬು ಮೇಲೇರಿತ್ತು. ಗೋಪಾಲಸ್ವಾಮಿ ಬೆಟ್ಟದ ಮಂಜಿನ ಹಾಗಿದೆ ಎಂಬುದು ಅದರ ಅರ್ಥ ಎಂದು ಆಮೇಲೆ ತಿಳಿಯಿತು. ಪಕ್ಕದ ಸೀಟಿನವರು ಇಳಿಯುವಾಗ ನನಗೆ ಇಂಗ್ಲಿಷಿನಲ್ಲಿ, “ನಿಮ್ಮ ತಂದೆ ಬಹಳ ಗಂಭೀರ ಸ್ವಭಾವದವರು,” ಎಂದರು. ಹೌದೆಂದೆ.

ಚೀಲಗಳು ಬರುವ ಪಟ್ಟಿಯ ಮುಂದೆ ನಾವು ನಿಂತೆವು. ಎಲ್ಲರ ಪೆಟ್ಟಿಗೆಗಳೂ ಬಂದವು. ನಮ್ಮ ವಿಮಾನದವರೆಲ್ಲ ಹೊರಟುಹೋದರು. ಪಟ್ಟಿ ಖಾಲಿ ಸುತ್ತುತ್ತಿತ್ತು. ದೊಡ್ಡಪ್ಪ ತುಟಿ ಬಿಗಿದುಕೊಂಡು ಅದರ ಜೊತೆಗೇ ತಲೆ ತಿರುಗಿಸುತ್ತಿದ್ದರು. ಗಾಜಿನ ಆಚೆ ಬಿಸಿಲು ಹಳದಿಗೆ ತಿರುಗಿತ್ತು. ಚೀಲ ಬಿಟ್ಟು ಹೋಗೋಣ ಎಂದೆ. ಅವರು ನನ್ನನ್ನು ನೋಡಿದ ರೀತಿಗೆ ಅವರೆಕಾಯಿಯ ಪರವಾಗಿ ನಾನೇ ಕ್ಷಮೆ ಕೇಳಬೇಕಾಯಿತು. ಕಟ್ಟಕಡೆಗೆ ಗೋಣಿಚೀಲ ಒಂಟಿಯಾಗಿ, ಮದುಮಗನ ಹಾಗೆ ನಿಧಾನವಾಗಿ ಬಂತು.

ಹೊರಗೆ ಬಂದು ಒಂದು ಮೂಲೆ ಹುಡುಕಿ ಉಗಿದ ಮೇಲೆ ದೊಡ್ಡಪ್ಪನಿಗೆ ಮಾತು ಮರಳಿತು. ಮೊದಲ ಮಾತೇ ಲೆಕ್ಕದ್ದು.

“ಒಂದೇ ಕಣಮ್ಮಿ. ಬೆಂಗ್ಳೂರಲ್ಲಿ ಆಕಂಡಿದ್ದು, ಇಲ್ಲಿ ಉಗ್ದೆ. ಗುಂಡ್ಲುಪ್ಯಾಟೆ ಎಷ್ಟು ದೂರನೋ ಗವಾಟೀನೂ ಅಷ್ಟೇ ದೂರ!”

ಟ್ಯಾಕ್ಸಿ ಊರೊಳಗೆ ನುಗ್ಗುವಷ್ಟರಲ್ಲಿ ಅವರ ಉತ್ಸಾಹ ಇಳಿಯಿತು. ಬೆಳಕು ಕುಂದುತ್ತಿತ್ತು. ಅಂಗಡಿಗಳಲ್ಲಿ ಒಂದೊಂದೇ ಬಲ್ಬು ಹತ್ತಿಕೊಳ್ಳುತ್ತಿತ್ತು. ದೊಡ್ಡಪ್ಪ ಕೈಗಡಿಯಾರ ಕಿವಿಗೆ ಹಿಡಿದು ನೋಡಿದರು. ನನ್ನ ಮೊಬೈಲು ನೋಡಿದರು. ಚಾಲಕನ ಮುಂದಿದ್ದ ಗಡಿಯಾರವನ್ನೂ ನೋಡಿದರು. ಮೂರೂ ಒಂದೇ ಹೇಳುತ್ತಿದ್ದವು.

“ಐದು ಗಂಟೆಗೇ ಕತ್ಲಾಯ್ತದಲ್ಲಮ್ಮಿ! ಮೋಡ ಏನಾದ್ರೂ ಕವ್ಕತಾ?”

ಇಲ್ಲಿ ದಿನವೂ ಹೀಗೆಯೇ ಎಂದು ವಿವರಿಸಿದೆ. ಅವರು ಬಹಳ ಹೊತ್ತು ಕಿಟಕಿಯಿಂದ ಹೊರಗೆ ನೋಡಿ, “ಪಾಪ,” ಎಂದರು. ಅದು ಗುವಾಹಟಿಯ ಜನರಿಗೋ ಅಕ್ಕನಿಗೋ ತಿಳಿಯಲಿಲ್ಲ.

ಇನ್ನೂ ಆಸೆ ಇತ್ತು. ಕಟ್ಟಳೆಯಲ್ಲಿ ಸೂರ್ಯನ ಮಾತಿಲ್ಲ, ದೀಪದ ಮಾತಿದೆ. ಒಂಟಿ ಗಂಡಸಿನ ಮನೆಯಲ್ಲಿ ಐದು ಗಂಟೆಗೆ ಯಾರು ದೀಪ ಹಚ್ಚುತ್ತಾರೆ? ಮೆಟ್ಟಿಲು ಹತ್ತುವಾಗ ನಾನು ಆ ಧೈರ್ಯದಲ್ಲೇ ಇದ್ದೆ.

ಬಾಗಿಲು ತೆರೆದಿತ್ತು. ಬೂಟುಗಳು ಹೊರಗಿದ್ದವು. ನೆಲ ಹೊಳೆಯುತ್ತಿತ್ತು. ಎದುರು ಗೋಡೆಯ ಗೂಡಿನಲ್ಲಿ, ದೇವರ ಪಟದ ಮುಂದೆ, ಎರಡು ದೀಪಗಳು ಉರಿಯುತ್ತಿದ್ದವು. ಎರಡು. ಹಣೆಗೆ ಕುಂಕುಮ ಇಟ್ಟುಕೊಂಡ ಹುಡುಗ ಪಂಚೆಯಲ್ಲಿ ನಿಂತು ನಗುತ್ತಾ ಕೈಮುಗಿದರು. ಹಿರಿಯರಿಗೆ ದೀಪ ಹಚ್ಚಿದ ಮನೆ ಕಂಡರೆ ಸಂತೋಷ ಎಂದು ಅಕ್ಕ ಪಾಠ ಹೇಳಿದ್ದಳು. ಕಟ್ಟಳೆಯ ಸುದ್ದಿ ಹೇಳಿದರೆ ಗಾಬರಿಯಾದಾರೆಂದು ಅದನ್ನು ಮಾತ್ರ ಹೇಳಿರಲಿಲ್ಲ.

ದೊಡ್ಡಪ್ಪ ಹೊಸ್ತಿಲಲ್ಲೇ ನಿಂತರು. “ಅಚ್ಬುಟ್ಟವ್ನೆ,” ಎಂದರು.

“ಈಗ ತಾನೇ ಹಚ್ಚಿದೆ ದೊಡ್ಡಪ್ಪ, ನೀವು ಬರೋ ಹೊತ್ತಾಯ್ತು ಅಂತ,” ಎಂದರು ಹುಡುಗ. ಅವರ ಮುಖದ ಸಂತೋಷ ನೋಡಲಾಗದೆ ನಾನು ಅಡುಗೆಮನೆ ನೋಡಲು ಹೋದೆ. ನಾನು ಬಂದದ್ದು ಅದಕ್ಕೇ ತಾನೆ.

ಅಲ್ಲಿಂದಲೇ ದೊಡ್ಡಪ್ಪ ಫೋನಿನಲ್ಲಿ ಕೂಗುವುದು ಕೇಳಿಸಿತು. ದೂರದ ಊರಿಗೆ ಅವರು ಫೋನಿಲ್ಲದಿದ್ದರೂ ಕೇಳುವ ಹಾಗೆ ಮಾತಾಡುತ್ತಾರೆ.

“ಅವ್ವಾ, ಬಂದ್ವಿ. ಆದ್ರೆ ಕತ್ಲಾಗೋಗದೆ. ದೀಪಾನೂ ಅಚ್ಬುಟ್ಟವ್ನೆ.”

ಅಜ್ಜಿಯ ಧ್ವನಿಯೂ ಕಡಿಮೆಯದಲ್ಲ. “ಏನ್ಲಾ ಅಂಗಂದ್ರೆ? ಇಲ್ಲಿ ಬಿಸ್ಲು ಬೀದೀಲಿ ಬಿದ್ದದೆ. ದನ ಇನ್ನೂ ಮನೆಗೆ ಬಂದಿಲ್ಲ. ಕುಡ್ದಿದ್ದೀಯೇನ್ಲಾ?”

“ಎಲೆಅಡ್ಕೆ ಬುಟ್ರೆ ಏನಿಲ್ಲ ಕಣವ್ವ. ಇಲ್ಲಿ ಒತ್ತು ಬ್ಯಾರೆ.”

ಅಕ್ಕ ಆ ದಿನ ತೆರಕಣಾಂಬಿಯಲ್ಲೇ ಅಜ್ಜಿಯ ಪಕ್ಕ ಕೂತಿದ್ದಳು. ಅವಳ ಮುಖದಲ್ಲಿ ಅಜ್ಜಿ ಏನು ನೋಡಿದರೋ ಗೊತ್ತಿಲ್ಲ. ಆಮೇಲೆ ಹೇಳಿದರು: “ನೀ ಓಗೋ ದಾರಿ ಕಟ್ಕಂಡು ನಂಗೇನ್ಲಾ? ಎಣ್ಣು ಅಲ್ಲಿಂದ ಇಲ್ಲಿಗೆ ಬರೋ ದಾರಿ ಬೇಕು. ಅಲ್ಲಿ ಕೋಳಿ ಕೂಗ್ದಾಗ ಒರಟು ಬಾ. ಇಲ್ಲಿ ನಾ ದೀಪ ಅಚ್ಚೋದ್ರೊಳಗೆ ಬರಬೇಕು. ಇದೇ ಕಡೆ ಮಾತು.”

ಹುಡುಗನಿಗೆ ಆಗ ವಿಷಯ ತಿಳಿಯಿತು. ಎರಡೂ ದೀಪಗಳನ್ನು ಒಮ್ಮೆ ನೋಡಿದರು. ಆರಿಸುವುದೂ ಅಪಶಕುನ. ಒಳಗೆ ಬಂದು ಅವರೆಕಾಯಿ ಸುಲಿಯುತ್ತಾ ಕೂತರು. ಊರಿಂದ ತಂದಿಟ್ಟಿದ್ದ ರಾಗಿಹಿಟ್ಟಿನಲ್ಲಿ ಮುದ್ದೆ ಕಟ್ಟಿ, ಕಾಳಿನ ಸಾರು ಮಾಡಿ ಬಡಿಸಿದರು. ದೊಡ್ಡಪ್ಪ ಒಂದು ತುತ್ತು ನುಂಗಿದರು.

“ಮುದ್ದೇಲಿ ಗಂಟು ಅವೆ ಕಣಪ್ಪ.”

“ಹೂಂ ದೊಡ್ಡಪ್ಪ. ದಿನಾ ಇರ್ತವೆ.”

ದೊಡ್ಡಪ್ಪ ತಲೆಯೆತ್ತಿ ಅವರನ್ನು ನೋಡಿದರು. ತಮ್ಮಂತೆಯೇ ಸುಳ್ಳು ಹೇಳದ ಇನ್ನೊಬ್ಬ ಮನುಷ್ಯನನ್ನು ಕಂಡ ಮುಖ ಅದು. ಎರಡನೆಯ ಮುದ್ದೆ ಹಾಕಿಸಿಕೊಂಡರು. ಗುವಾಹಟಿಗೆ ತೀರ್ಪುಗಾರರಾಗಿ ಬಂದವರು ಆ ಊಟದ ನಂತರ ಗಂಡಿನ ಕಡೆಯವರಾಗಿದ್ದರು.

ಎರಡು ದಿನ ಬಿಟ್ಟು ಹಿಂತಿರುಗಿದೆವು. ಪೂರ್ವದ ಊರಾದ್ದರಿಂದ ಅಲ್ಲಿ ಕೋಳಿಯೂ ಬೇಗ ಕೂಗುತ್ತದೆ, ಹೊತ್ತು ನಮ್ಮ ಕಡೆಗೇ ಉಳಿಯುತ್ತದೆ ಎಂದು ನಾನು ದೊಡ್ಡಪ್ಪನಿಗೆ ಧೈರ್ಯ ಹೇಳಿದೆ. ಭೂಗೋಳದಿಂದ ಮನೆಗೆ ಒಂದು ಉಪಕಾರವಾಗುವ ಗಳಿಗೆ ಅದು. ಆದರೆ ಬೆಳಿಗ್ಗೆ ಮಂಜು ಕವಿದು ವಿಮಾನ ನೆಲ ಬಿಡಲಿಲ್ಲ. ಬಿಟ್ಟಾಗ ಬಿಸಿಲೇರಿತ್ತು. ಎರಡು ಸಾವಿರ ಕಿಲೋಮೀಟರನ್ನು ಅದು ಹೇಳಿದ ಹೊತ್ತಿನಲ್ಲೇ ದಾಟಿತು. ಬೆಂಗಳೂರಿನ ಒಂದು ಮೇಲ್ಸೇತುವೆಯನ್ನು ದಾಟಲು ನಮ್ಮ ಕಾರಿಗೆ ಅದರ ಅರ್ಧದಷ್ಟು ಹೊತ್ತು ಬೇಕಾಯಿತು.

“ನಾ ಏಳ್ನಿಲ್ವಾ, ಬೆಂಗ್ಳೂರೇ ದೂರ ಅಂತ,” ಎಂದರು ದೊಡ್ಡಪ್ಪ. ಆದರೆ ಗೆದ್ದ ದನಿಯಲ್ಲ. ಎಲೆಅಡಿಕೆಯ ಚೀಲ ತೊಡೆಯ ಮೇಲಿತ್ತು, ಬಿಚ್ಚಿರಲಿಲ್ಲ.

ನಂಜನಗೂಡಿನಲ್ಲಿ ಹೊತ್ತು ಮುಳುಗಿತು. ಬೇಗೂರಿನಲ್ಲಿ ನಕ್ಷತ್ರ ಕಾಣಿಸಿತು. ನಾನು ಅಕ್ಕನಿಗೆ ಫೋನು ಮಾಡಲು ಹೋದೆ. ದೊಡ್ಡಪ್ಪ ಕೈ ಹಿಡಿದರು.

“ಬ್ಯಾಡ. ಈಗ ಮಾಡುದ್ರೆ ದೀಪ ತಡೀರಿ ಅಂತ ನಾವೇ ಏಳ್ದಂಗಾಯ್ತದೆ. ಅದು ಮೋಸ.” ಸ್ವಲ್ಪ ತಡೆದು ಚಾಲಕನಿಗೆ, “ಅಪ್ಪಾ, ಇನ್ನೊಂಚೂರು ಬುಡಪ್ಪ,” ಎಂದರು. ಆಮೇಲೆ ತಮ್ಮಷ್ಟಕ್ಕೆ ತಾವೇ, “ಗಂಟಾದ್ರೂ ಮುದ್ದೆ ಕಟ್ದ,” ಎಂದರು.

ಗುಂಡ್ಲುಪೇಟೆ ದಾಟಿ ತೆರಕಣಾಂಬಿಯ ಬೀದಿಗೆ ತಿರುಗಿದಾಗ ಎಲ್ಲ ಮನೆಗಳಲ್ಲೂ ಬಲ್ಬು ಉರಿಯುತ್ತಿತ್ತು, ಟಿ.ವಿ. ಕೂಗುತ್ತಿತ್ತು. ನಮ್ಮ ಮನೆ ಮಾತ್ರ ಕಗ್ಗತ್ತಲಾಗಿತ್ತು. ಯಾರಿಗೋ ಏನೋ ಆಗಿದೆ ಎಂದುಕೊಂಡೆ. ಪಕ್ಕದ ಮನೆಯವರು ಬಾಗಿಲಲ್ಲಿ ನಿಂತು ಒಳಕ್ಕೆ ಕೂಗುತ್ತಿದ್ದರು: “ಅವ್ವಾ, ನಿಮ್ಮ ಮನೇದು ಫೀಜು ಓಗದ? ನಾ ನೋಡ್ಲಾ?”

“ಫೀಜೂ ಇಲ್ಲ ಏನೂ ಇಲ್ಲ,” ಒಳಗಿನಿಂದ ಅಜ್ಜಿಯ ದನಿ ಬಂತು. “ಬತ್ತಿ ಸರ್ಯಾಗ್ತಾ ಇಲ್ಲ. ಒಸೀತಾ ಇವ್ನಿ. ಬತ್ತಿ ಇಲ್ದೆ ದೀಪ ಎಂಗ್ಲಾ ಅಚ್ಚದು?”

ನಾವು ಮೊಬೈಲಿನ ಬೆಳಕಿನಲ್ಲಿ ಒಳಗೆ ಹೋದೆವು. ದೇವರ ಗೂಡಿನ ಕೆಳಗೆ ಅಜ್ಜಿ ಕಾಲು ಚಾಚಿ ಕೂತು, ಕತ್ತಲಲ್ಲೇ ತೊಡೆಯ ಮೇಲೆ ಹತ್ತಿ ಹೊಸೆಯುತ್ತಿದ್ದರು. ಮೂಲೆಯಲ್ಲಿ ಅಪ್ಪ, ಅಮ್ಮ ಸೊಳ್ಳೆ ಹೊಡೆದುಕೊಳ್ಳುತ್ತಿದ್ದರು. ಅಕ್ಕ ಅಜ್ಜಿಯ ಎದುರು ಮಂಡಿ ತಬ್ಬಿ ಕೂತಿದ್ದಳು. ಹೊತ್ತು ಮುಳುಗಿದಾಗಿನಿಂದ ಅವರು ಹಾಗೇ ಕೂತಿದ್ದರಂತೆ. ಒಂದು ಬತ್ತಿ ಆದರೆ ದಪ್ಪವಾಯಿತು ಎನ್ನುವುದು, ಇನ್ನೊಂದು ಆದರೆ ತೆಳುವಾಯಿತು ಎನ್ನುವುದು.

“ಯಾರ್ಲಾ ಅದು? ಬಂದ್ರಾ?” ಎಂದರು ಅಜ್ಜಿ, ನಮ್ಮನ್ನು ಈಗ ತಾನೇ ಕಂಡವರಂತೆ. “ಏಳ್ಲಾ ಮತ್ತೆ. ನೀ ಸುಳ್ಳಾಡೋನಲ್ಲ. ಬಂದದ್ದು ದೀಪ ಅಚ್ಚೋದ್ಕೆ ಮುಂಚೇನೋ ಆಮೇಲೋ?”

ಎಲ್ಲರ ಮುಖವೂ ದೊಡ್ಡಪ್ಪನ ಕಡೆ ತಿರುಗಿತು. ಅವರು ಬಾಗಿಲಾಚೆಯ ಕತ್ತಲು ನೋಡಿದರು. ಗೂಡಿನ ದೀಪ ನೋಡಿದರು. ಅದರಲ್ಲಿ ಎಣ್ಣೆಯೂ ಇರಲಿಲ್ಲ. ಒಂದು ಮಾತಿಗೆ ಅವರು ಅಷ್ಟು ಹೊತ್ತು ತೆಗೆದುಕೊಂಡದ್ದನ್ನು ನಾನು ಮತ್ತೆಂದೂ ನೋಡಿಲ್ಲ.

“ಮುಂಚೆ,” ಎಂದರು.

“ಮುಂಚೇನೇ ಅಂತೀಯಾ?”

“ದೀಪ ಇನ್ನೂ ಅಚ್ಚಿಲ್ವಲ್ಲವ್ವಾ. ಮುಂಚೇನೇ ಕಣ.”

ಅಜ್ಜಿ ಸೊಂಟದಿಂದ ಬೆಂಕಿಪೊಟ್ಟಣ ತೆಗೆದು ಅಕ್ಕನ ಕೈಗಿಟ್ಟರು. “ಅಚ್ಚಮ್ಮಿ. ಎಷ್ಟೊತ್ತು ಕತ್ಲಲ್ಲಿ ಕೂರ್ಸೀಯೆ ಮನೆ ಮಂದೀನೆಲ್ಲ?”

ಅಮ್ಮ ದೀಪಕ್ಕೆ ಎಣ್ಣೆ ಹೊಯ್ದು ಬತ್ತಿ ಇಟ್ಟರು. ಅಕ್ಕ ಗೀರಿದ ಮೊದಲ ಕಡ್ಡಿ ಆರ್‍ಹೋಯಿತು. ಎರಡನೆಯದಕ್ಕೆ ದೀಪ ಹತ್ತಿತು. ಅಪ್ಪ ಎದ್ದು ಸ್ವಿಚ್ಚು ಒತ್ತಿದರು. ಬೆಳಕಿನಲ್ಲಿ ನೋಡಿದರೆ ಅಜ್ಜಿಯ ಪಕ್ಕದ ಮೊರ ಬತ್ತಿಗಳಿಂದ ತುಂಬಿ ನೆಲಕ್ಕೂ ಚೆಲ್ಲಿತ್ತು. ಎಲ್ಲವೂ ಒಂದೇ ಅಳತೆಯ, ತಿದ್ದಿದಂಥ ಬತ್ತಿಗಳು.

“ಇಷ್ಟೊಂದು ಯಾಕಜ್ಜಿ?” ಎಂದು ಕೇಳಿದೆ.

“ಇರ್ಲಿ ಬುಡು,” ಎಂದರು ಅಜ್ಜಿ, ಸೀರೆಗಂಟಿದ ಹತ್ತಿ ಕೊಡವುತ್ತಾ. “ಮದ್ವೆ ಮನೇಲಿ ಬೇಕಾಯ್ತದೆ.”